ಒಮ್ಮೆ ಕಟ್ಟಿದ ಮನೆ ಪಟ್ಟಿಯನ್ನು (ಮನೆ ತೆರಿಗೆಯನ್ನು) ದಂಡ ಸಮೇತ ಮತ್ತೆ ಕಟ್ಟಿ ಎನ್ನುತ್ತಿದ್ದಾರೆ, ಏನು ಮಾಡಲಿ?

ರೊಟ್ಟಿಮನೆ (ಹಾವೇರಿ ಜಿಲ್ಲೆ), ಆಗಸ್ಟ್ 2025

ನಮ್ಮದು ಹಾವೇರಿ ಜಿಲ್ಲೆಯ ಒಂದು ಪಟ್ಟಣ. ಯಾವುದೆಂದು ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನಮ್ಮ ನಲ್ಲಿಗೆ ನೀರು ಬಿಡುವುದನ್ನು ಮರೆತಾರು.

ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಡುತ್ತೇವೆ. ನಾನು, ನನ್ನ ನಾದಿನಿ, ಓಣಿಯ ಮೂವರು ಹೆಂಗಸರು. ಶ್ರಾವಣದಲ್ಲಿ ಬೇಡಿಕೆ ಏರಿದಾಗ ಕೈ ಸಾಲುವುದಿಲ್ಲ ಎಂದು ರೊಟ್ಟಿ ಮಾಡುವ ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಿದೆವು. ಮನೆಯ ಉತಾರ (ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ) ತನ್ನಿ ಎಂದರು. ಮನೆ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲಿದೆ. ವಾರಸಾ ಆಗಬೇಕು, ಅಂದರೆ ವಾರಸುದಾರರ ಹೆಸರಿಗೆ ಬರಬೇಕು, ಜೊತೆಗೆ ಕಂಪ್ಯೂಟರ್ ದಾಖಲೆಯಾದ ಇ-ಖಾತೆ ಆಗಬೇಕು, ಎರಡಕ್ಕೂ ಹಳೆಯ ಬಾಕಿ ಇರಬಾರದು. ಸರಿ, ಬಾಕಿ ಎಲ್ಲಿದೆ, ಮಾವನವರು ಒಂದು ವರ್ಷವೂ ತಪ್ಪಿಸಿದವರಲ್ಲ ಎಂದುಕೊಂಡು ಪಟ್ಟಣದ ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋದೆ.

ಕಂಪ್ಯೂಟರಿನ ಮುಂದೆ ಕುಳಿತವರು ಮೂರು ವರ್ಷ ಬಾಕಿ ಎಂದರು. 2021-22ರದ್ದು 2,840 ರೂಪಾಯಿ, 2022-23ರದ್ದು 2,960, 2023-24ರದ್ದು 3,080. ಇದು ಮೂಲ ತೆರಿಗೆ. ಜುಲೈ ಒಂದರಿಂದ ತಿಂಗಳಿಗೆ ಶೇ 2ರಂತೆ ದಂಡ. ಮೊದಲ ವರ್ಷದ ದಂಡ ಈ ತಿಂಗಳಿಗೆ ಸರಿಯಾಗಿ ತೆರಿಗೆಯಷ್ಟೇ ಆಗಿದೆ. ಎಲ್ಲ ಕೂಡಿ 15,571 ರೂಪಾಯಿ, ಅದರಲ್ಲಿ ದಂಡವೇ 6,691.

ಆ ಮೂರು ವರ್ಷದ ಪಾವತಿಗಳು (ರಶೀದಿಗಳು) ನನ್ನ ಕೈಯಲ್ಲಿವೆ. ಮಾವನವರು ಅವನ್ನು ಪಂಚಾಂಗದೊಳಗೆ ಮಡಿಸಿ ಇಟ್ಟಿದ್ದರು. ಎರಡು ವರ್ಷದ್ದು ಮುದ್ರಿತ ಪುಸ್ತಕದಿಂದ ಹರಿದು ಕೊಟ್ಟವು, ಲಾಂಛನ, ಕ್ರಮ ಸಂಖ್ಯೆ, ಸಹಿ ಎಲ್ಲ ಇವೆ. ಮೂರನೆಯದು ಕಂಪ್ಯೂಟರ್ ಚಲನ್, ಬ್ಯಾಂಕಿನ ಮುದ್ರೆ ಒತ್ತಿದ್ದು. ಪ್ರತಿ ಏಪ್ರಿಲ್‌ನಲ್ಲಿ ಪಟ್ಟಿ ಕೇಳಲು ಮನೆಗೆ ಬರುತ್ತಿದ್ದ ಮನುಷ್ಯನೇ ನಗದು ತೆಗೆದುಕೊಂಡು ಕೊಟ್ಟಿದ್ದು. ನಿಮಗೆ ನಗು ಬರಬಹುದು, ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿಯನ್ನು ಮೂರರಲ್ಲೂ ಕಳೆದು ಬರೆದಿದ್ದಾನೆ. ಅಷ್ಟು ನಿಯತ್ತು.

ಪಾವತಿ ತೋರಿಸಿದರೆ ಮುಟ್ಟಿಯೂ ನೋಡಲಿಲ್ಲ. "ಅವನು ಕಾಯಂ ನೌಕರನಲ್ಲ, ಹೊರಗುತ್ತಿಗೆಯವನು, ಬಿಟ್ಟು ಹೋಗಿ ಬಹಳ ಕಾಲವಾಯಿತು. ನಿಮ್ಮ ಅವನ ನಡುವಿನ ವ್ಯವಹಾರಕ್ಕೆ ಕಚೇರಿ ಏನು ಮಾಡಲಿಕ್ಕಾಗುತ್ತದೆ?" ನಮ್ಮ ಅವನ ನಡುವಿನ ವ್ಯವಹಾರ! ಅವನೇನು ನಮ್ಮ ಬೀಗನೇ? ಕಚೇರಿಯ ಕೈಚೀಲ, ಕಚೇರಿಯ ಪುಸ್ತಕ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ.

ತೆರಿಗೆ ಏರಿತೆಂದು ನಾನು ಇಲ್ಲಿ ಅಳುತ್ತಿಲ್ಲ. 2024-25ರದ್ದು 3,950 ಬಂತು, ಮೊಬೈಲಿನಲ್ಲೇ ಕಟ್ಟಿದೆ. ಈ ವರ್ಷದ್ದನ್ನೂ ಕಟ್ಟಿದ್ದೇನೆ. ಹಾಲು ಏರಿದೆ, ಬಸ್ ಏರಿದೆ. ನನಗೇನೋ ಟಿಕೆಟ್ ಇಲ್ಲ, ರೊಟ್ಟಿ ಡಬ್ಬಿ ಹೊತ್ತು ಜೊತೆಗೆ ಬರುವ ಗಂಡನಿಗೆ ಜನವರಿ 5ರಿಂದ ಶೇ 15 ಹೆಚ್ಚು. ಅದನ್ನೂ ಸಹಿಸಿದ್ದೇವೆ. ಒಂದೇ ತೆರಿಗೆಯನ್ನು ಎರಡು ಸಲ ಕೊಡು, ತಡವಾಯಿತೆಂದು ದಂಡವನ್ನೂ ಕೊಡು ಎಂದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಕಳೆದ ತಿಂಗಳು ನಮ್ಮ ಹಾವೇರಿಯಲ್ಲೇ ತರಕಾರಿ ಮಾರುವವರೊಬ್ಬರಿಗೆ ಯುಪಿಐ ಲೆಕ್ಕ ನೋಡಿ 29 ಲಕ್ಷ ರೂಪಾಯಿ ಜಿಎಸ್‌ಟಿ ನೋಟಿಸ್ ಬಂದಿತ್ತಲ್ಲ, ಅಂದಿನಿಂದ ನಾನೂ ಕ್ಯೂಆರ್ ಹಲಗೆ ಒಳಗಿಟ್ಟಿದ್ದೇನೆ. ನಗದು ಕೊಟ್ಟರೆ ದಾಖಲೆ ಇಲ್ಲ ಎನ್ನುತ್ತಾರೆ, ಫೋನಿನಲ್ಲಿ ತೆಗೆದುಕೊಂಡರೆ ದಾಖಲೆ ಇದೆ ಎಂದು ನೋಟಿಸ್ ಕಳಿಸುತ್ತಾರೆ.

ನಾನು ಕೇಳುವುದು ಇಷ್ಟು. ಈ 15,571 ಕಟ್ಟಿ ಉತಾರ ತೆಗೆದುಕೊಂಡು ಸುಮ್ಮನಾಗಲೇ? ಕಟ್ಟಿದರೆ ಬಾಕಿ ಇತ್ತೆಂದು ನಾನೇ ಒಪ್ಪಿಕೊಂಡಂತೆ ಆಗುತ್ತದೆಯೇ? ಕಟ್ಟದೆ ಹೋರಾಡಿದರೆ ಸಾಲ ಕೈ ತಪ್ಪುತ್ತದೆ. ಗೊತ್ತಿದ್ದವರು ಹೇಳಿ.

ಉಣಕಲ್ ಕಟ್ಟೆ (ಹುಬ್ಬಳ್ಳಿ)

ಅಕ್ಕ, ನಿಮ್ಮ 15 ಸಾವಿರಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ರಾಜ್ಯ ಸರ್ಕಾರದ ವಾಲ್ಮೀಕಿ ನಿಗಮದ ಖಾತೆಯಿಂದ 187 ಕೋಟಿ ಹೊರಟು ಹೋಯಿತು. ಅದೂ ಹೊರಬಂದದ್ದು 2024ರ ಮೇ ತಿಂಗಳಲ್ಲಿ ಲೆಕ್ಕಪತ್ರದ ಅಧೀಕ್ಷಕರೊಬ್ಬರು ಚೀಟಿ ಬರೆದಿಟ್ಟು ಪ್ರಾಣ ಬಿಟ್ಟ ಮೇಲೆ. ಸಚಿವರು ರಾಜೀನಾಮೆ ಕೊಟ್ಟರು. ಆಮೇಲೆ ಸದನದಲ್ಲಿ ಮುಖ್ಯಮಂತ್ರಿಗಳು 187 ಅಲ್ಲ, 89 ಕೋಟಿ ಚಿಲ್ಲರೆ ಎಂದು ವಿವರಿಸಿದರು. ನಾವು ಸಮಾಧಾನಪಟ್ಟುಕೊಳ್ಳಬೇಕು.

ಇತ್ತ ನಮ್ಮ ಜೇಬು ನೋಡಿ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ. ಡೀಸೆಲ್ ಅದೇ ದಿನ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಅದೇ ಏಪ್ರಿಲ್ ಒಂದಕ್ಕೆ ಹಾಲು ಲೀಟರಿಗೆ 4 ರೂಪಾಯಿ. ಅಂದಿನಿಂದಲೇ ವಿದ್ಯುತ್ ಬಿಲ್ಲಿನಲ್ಲಿ ನೌಕರರ ಪಿಂಚಣಿಗೆಂದು ಯೂನಿಟ್ಟಿಗೆ 36 ಪೈಸೆ. ಎರಡು ಸಾವಿರ ಈ ಕೈಗೆ, ಮೂರು ಸಾವಿರ ಆ ಕೈಯಿಂದ. ನನ್ನದು ಗೋಕುಲ ರಸ್ತೆಯಲ್ಲಿ ಸಣ್ಣ ವರ್ಕ್‌ಶಾಪ್. ಗುಂಡಿ ಬಿದ್ದ ರಸ್ತೆಯಿಂದ ನನಗೆ ಗಿರಾಕಿ ಹೆಚ್ಚು ಎಂಬುದೊಂದೇ ಲಾಭ.

ಕಟ್ಟಿ ಕೈ ತೊಳೆದುಕೊಳ್ಳಿ. ಇವರನ್ನು ಗೆದ್ದವರಿಲ್ಲ.

ಹಳೇ ಲೆಕ್ಕಿಗ (ಗದಗ)

ತಂಗಿ, ಕಟ್ಟಿ ಕೈ ತೊಳೆದುಕೊಳ್ಳಬೇಡ. ನಾನು ಸ್ಥಳೀಯ ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡುತ್ತಲೇ ನಿವೃತ್ತನಾದವನು. ಇಂಥ ಪ್ರಕರಣ ನೋಡಿ ನೋಡಿ ಕಣ್ಣು ಹಳದಿಯಾಗಿದೆ.

ಮೊದಲು ಒಂದು ಮಾತು: ನಿನ್ನ ಮೂರು ಕಾಗದಗಳು ಒಂದೇ ಜಾತಿಯವಲ್ಲ. ಪುಸ್ತಕದಿಂದ ಹರಿದ ಎರಡು ಪಾವತಿಗಳನ್ನು ಒಂದು ಕಡೆ ಇಡು, ಚಲನ್ನನ್ನು ಇನ್ನೊಂದು ಕಡೆ.

ಪಾವತಿ ಪುಸ್ತಕ ಎನ್ನುವುದು ಕಚೇರಿಯಲ್ಲಿ ಹಣಕ್ಕೆ ಸಮಾನ. ಅಚ್ಚಾಗಿ ಬಂದ ದಿನ ದಾಸ್ತಾನು ವಹಿಯಲ್ಲಿ ಎಷ್ಟರಿಂದ ಎಷ್ಟರವರೆಗಿನ ಸಂಖ್ಯೆ ಎಂದು ದಾಖಲಾಗಬೇಕು. ವಸೂಲಿಗೆ ಯಾರಿಗೆ ಕೊಟ್ಟರೋ ಅವರ ಸಹಿ ಬೇಕು. ಪುಸ್ತಕ ಮುಗಿದ ಮೇಲೆ ಉಳಿದ ಅರ್ಧ ಹಾಳೆಗಳ ಸಮೇತ ಅದು ವಾಪಸ್ ಬರಬೇಕು. ವಸೂಲಾದ ಹಣ ಅಂದೇ ಅಥವಾ ಮರುದಿನ ಬ್ಯಾಂಕಿಗೆ ಹೋಗಬೇಕು, ನಗದು ವಹಿಯಲ್ಲಿ ಕಾಣಬೇಕು, ಅಲ್ಲಿಂದ ಬೇಡಿಕೆ, ವಸೂಲಿ, ಬಾಕಿ ವಹಿಗೆ ಇಳಿಯಬೇಕು. ಕಳ್ಳತನ ನಡೆಯುವುದು ಈ ಸರಪಳಿಯ ನಡುವೆ. ಮೇಲಿನ ಹಾಳೆಯಲ್ಲಿ 2,698, ಕೆಳಗಿನ ಪ್ರತಿಯಲ್ಲಿ 269 ಎಂದು ಬರೆದಿದ್ದನ್ನು ನೋಡಿದ್ದೇನೆ. ಪುಸ್ತಕವನ್ನೇ ಮರಳಿಸದೆ "ಕಳೆದುಹೋಗಿದೆ" ಎಂದವರನ್ನೂ ನೋಡಿದ್ದೇನೆ. ಹಾಗೆ ಹೇಳಿದರೆ ಅಂದೇ ಪೊಲೀಸ್ ದೂರು ಕೊಟ್ಟಿರಬೇಕು. ಯಾರೂ ಕೊಟ್ಟಿರುವುದಿಲ್ಲ.

ಹಾಗಾಗಿ ನಿನ್ನ ಪಾವತಿಯ ಕ್ರಮ ಸಂಖ್ಯೆ ಅವರ ದಾಸ್ತಾನು ವಹಿಯಲ್ಲಿದ್ದು, ಆ ಪುಸ್ತಕವನ್ನು ಅವನಿಗೆ ವಿತರಿಸಿದ ಸಹಿ ಸಿಕ್ಕರೆ, "ನಿಮ್ಮ ಅವನ ನಡುವಿನ ವ್ಯವಹಾರ" ಎಂಬ ಮಾತು ಅಲ್ಲಿಗೆ ಮುಗಿಯಿತು. ವಸೂಲಿ ಮಾಡಲು ತಾವೇ ಕಳಿಸಿದವನಿಗೆ ಕೊಟ್ಟ ಹಣ ತಮಗೆ ಬಂದ ಹಾಗೆಯೇ. ಅವನು ಕಾಯಂ ಇರಲಿ, ಹೊರಗುತ್ತಿಗೆ ಇರಲಿ. ಅವನಿಂದ ವಸೂಲಿ ಮಾಡಿಕೊಳ್ಳುವುದು ಅವರ ಕರ್ಮ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. 10 ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮಾವನವರ ಪುಣ್ಯಚರಿತ್ರೆ ಬರೆಯಲು ಹೋದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಹೀಗೆ ಬರೆ: "ತೆರಿಗೆ ಪಾವತಿ ಸಂಖ್ಯೆ ಇಂಥದ್ದು ಮತ್ತು ಇಂಥದ್ದಕ್ಕೆ ಸಂಬಂಧಿಸಿದ ಪಾವತಿ ಪುಸ್ತಕಗಳ ದಾಸ್ತಾನು ಹಾಗೂ ವಿತರಣಾ ವಹಿಯ ಪುಟ, ಸದರಿ ಪಾವತಿಗಳ ಕಚೇರಿ ಪ್ರತಿ, ಸದರಿ ದಿನಾಂಕಗಳ ನಗದು ವಹಿಯ ಪುಟ, ಇವುಗಳ ದೃಢೀಕೃತ ನಕಲು ಒದಗಿಸಿ." ಸಾಕು. "ಏಕೆ", "ಹೇಗೆ" ಎಂದು ಕೇಳಬೇಡ. ದಾಖಲೆ ಮಾತ್ರ ಕೇಳು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಇನ್ನು ಚಲನ್. ಅದರ ಮೇಲಿನ ಮುದ್ರೆಯಲ್ಲಿ ಯಾವ ಬ್ಯಾಂಕಿನ ಹೆಸರಿದೆ ನೋಡು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್ ಒಂದಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹಳೆಯ ಮುದ್ರೆ ಯಾರದೋ ಮೇಜಿನ ಖಾನೆಯಲ್ಲಿ ಉಳಿದಿರುತ್ತದೆ.

ಏರಿಕೆಯ ಬಗ್ಗೆ ಉಣಕಲ್‌ನವರಿಗೆ ಒಂದು ಮಾತು. ಬೈಯಿರಿ, ಬೇಡ ಎನ್ನುವುದಿಲ್ಲ, ಆದರೆ ಪೂರ್ತಿ ಬೈಯಿರಿ. ಮನೆ ಪಟ್ಟಿಯನ್ನು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಗೆ (ಆಸ್ತಿಗೆ ಸರ್ಕಾರ ಗೊತ್ತುಪಡಿಸಿದ ಬೆಲೆಗೆ) ಗಂಟು ಹಾಕಲಾಗಿದೆ. ಆ ಬೆಲೆ 2023ರ ಅಕ್ಟೋಬರ್ ಒಂದರಿಂದ ರಾಜ್ಯವಿಡೀ ಏರಿತು. ಅದರ ಮೇಲೆ ವರ್ಷಕ್ಕೆ ಶೇ 3ರಿಂದ 5ರಷ್ಟು ಹೆಚ್ಚಳ ಬೇರೆ. ಇದನ್ನು ರಾಜ್ಯ ತಾನಾಗಿ ಕನಸು ಕಂಡು ಮಾಡಿದ್ದಲ್ಲ. ತೆರಿಗೆಯ ಕನಿಷ್ಠ ದರ ಗೊತ್ತುಪಡಿಸದಿದ್ದರೆ ಪಟ್ಟಣಗಳಿಗೆ ಅನುದಾನವಿಲ್ಲ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. 2020ರಲ್ಲಿ ಹೆಚ್ಚುವರಿ ಸಾಲ ಬೇಕೆಂದರೆ ಇದೇ ಸುಧಾರಣೆ ಮಾಡಿ ಎಂದು ಕೇಂದ್ರವೂ ಹೇಳಿತು. ಅಂದು ಇಲ್ಲಿ ಅಧಿಕಾರದಲ್ಲಿದ್ದವರು ಈಗಿನವರಲ್ಲ. ಇನ್ನು ತೆರಿಗೆಯ ಮೇಲಿನ ಕರಗಳು: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯದ ಕರವನ್ನು ಜನರಿಂದ ತೆಗೆದುಕೊಂಡು ಗ್ರಂಥಾಲಯಕ್ಕೆ ದಾಟಿಸದ ಸಂಸ್ಥೆಗಳ ಮೇಲೆ ನಾನೇ ಆಕ್ಷೇಪಣೆ ಬರೆದಿದ್ದೇನೆ. ಅದಕ್ಕೆ ಮಾತ್ರ ತಿಂಗಳಿಗೆ ಶೇ 2 ದಂಡ ಯಾರೂ ಹಾಕಲಿಲ್ಲ.

ಉಣಕಲ್ ಕಟ್ಟೆ

ಹಿರಿಯರೇ, ಅಂದಿನವರನ್ನೂ ಬೈಯುತ್ತೇನೆ. 545 ಪಿಎಸ್ಐ ಹುದ್ದೆಗಳ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ತಿದ್ದಿದ್ದು ಅವರ ಕಾಲದಲ್ಲಿಯೇ. ನನ್ನ ಅಳಿಯ ಅದಕ್ಕಾಗಿ ಎರಡು ವರ್ಷ ಓಡಿ ಓಡಿ ಮೊಣಕಾಲು ಸವೆಸಿಕೊಂಡಿದ್ದ. ನನಗೆ ಯಾವ ಪಕ್ಷವೂ ಬೀಗರಲ್ಲ.

ಸಪ್ತಾಪುರದ ವಕೀಲ (ಧಾರವಾಡ)

ರಾಜಕೀಯ ಸಾಕು. ಅಕ್ಕನವರ ಪ್ರಶ್ನೆಗೆ ಉತ್ತರ ಕೊಡೋಣ.

ಸಾಲ ಮುಖ್ಯವಾದರೆ ಹಣ ಕಟ್ಟಬಹುದು. ಕಟ್ಟುವ ಮುನ್ನ ಮುಖ್ಯಾಧಿಕಾರಿಗಳ ಹೆಸರಿಗೆ ಪತ್ರ ಕೊಡಿ: ಈ ಬಾಕಿಯನ್ನು ನಾವು ಒಪ್ಪಿಲ್ಲ, ಮೂಲ ಪಾವತಿಗಳು ನಮ್ಮಲ್ಲಿವೆ, ಇ-ಖಾತೆಯ ಅಗತ್ಯಕ್ಕಾಗಿ ಆಕ್ಷೇಪಣೆಗೆ ಒಳಪಟ್ಟು ಪಾವತಿಸುತ್ತಿದ್ದೇವೆ, ತನಿಖೆಯ ಬಳಿಕ ಮರಳಿಸಬೇಕು ಅಥವಾ ಮುಂದಿನ ವರ್ಷಗಳಿಗೆ ಹೊಂದಿಸಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹೀಗೆ ಮಾಡಿದರೆ ನೀವು ಬಾಕಿ ಒಪ್ಪಿಕೊಂಡಂತೆ ಆಗುವುದಿಲ್ಲ. ಮೂಲ ಪಾವತಿಗಳನ್ನು ಯಾವ ಕಾರಣಕ್ಕೂ ಅವರ ಕೈಗೆ ಕೊಡಬೇಡಿ. "ಪರಿಶೀಲಿಸಿ ಕೊಡುತ್ತೇವೆ" ಎಂದು ಒಳಗೆ ಹೋದ ಕಾಗದ ಹೊರಗೆ ಬರುವುದಿಲ್ಲ.

ಪೊಲೀಸ್ ಠಾಣೆಗೆ ಹೋದರೆ ಅವರು ಇದನ್ನು ಬರೀ ವಂಚನೆ ಎಂದು ಬರೆದುಕೊಂಡು ಆ ಒಬ್ಬನ ತಲೆಗೆ ಕಟ್ಟಲು ನೋಡುತ್ತಾರೆ. ನಿಮ್ಮ ದೂರಿನಲ್ಲಿ ಸಾರ್ವಜನಿಕ ಹಣದ ದುರುಪಯೋಗ ಎಂಬ ಮಾತು ಇರಲಿ. ಕೃತ್ಯಗಳು 2024ರ ಜುಲೈ ಒಂದಕ್ಕಿಂತ ಹಿಂದಿನವು, ಆದ್ದರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲ, ಹಳೆಯ ದಂಡ ಸಂಹಿತೆಯೇ ಅನ್ವಯ: ನಂಬಿಕೆ ದ್ರೋಹಕ್ಕೆ ಕಲಂ 409, ಚಲನ್ ನಕಲಿಯಾಗಿದ್ದರೆ ಅದನ್ನು ಸೃಷ್ಟಿಸಿ ಬಳಸಿದ್ದಕ್ಕೆ 468 ಮತ್ತು 471. ಲೋಕಾಯುಕ್ತಕ್ಕೂ ಕೊಡಬಹುದು. ಫಾರಂ 1ರಲ್ಲಿ ದೂರು, ಫಾರಂ 2ರಲ್ಲಿ ಪ್ರಮಾಣಪತ್ರ. ಆರೋಪದ ದೂರಿಗೆ ಐದು ವರ್ಷದ ಮಿತಿ ಇದೆ, 2021ರ ಪಾವತಿಯನ್ನು ಮರೆತು ಕೂರಬೇಡಿ. ಅದಕ್ಕೂ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಒಂದು ಪ್ರತಿ. ಪಟ್ಟಣದ ಸ್ಥಳೀಯ ಸಂಸ್ಥೆಗಳ ಮೇಲೆ ಜಿಲ್ಲಾ ಮಟ್ಟದ ಕಣ್ಣು ಅದೇ.

ಹೈಕೋರ್ಟಿನ ಧಾರವಾಡ ಪೀಠ ಇದೆ ಎಂದು ಯಾರಾದರೂ ರಿಟ್ ಹಾಕಿಸಲು ಬಂದರೆ ಈಗ ಒಪ್ಪಬೇಡಿ. 15 ಸಾವಿರಕ್ಕೆ ಅದು ನಿಮ್ಮ ದಾರಿಯಲ್ಲ. ಇದನ್ನು ವಕೀಲನೇ ಹೇಳುತ್ತಿದ್ದೇನೆ.

ಯುಪಿಐ ನೋಟಿಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸಂಸ್ಕರಿಸದ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಸರಕು ಮಾರಿದವರಿಂದ ವಸೂಲಿ ಇಲ್ಲ, ಉಳಿದ ಸಣ್ಣ ವ್ಯಾಪಾರಿಗಳು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಜುಲೈ 23ರ ಸಭೆಯ ನಂತರ ಮುಖ್ಯಮಂತ್ರಿಗಳು ಹೇಳಿದ್ದಾರೆ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ನಿಮ್ಮದು ಅದರೊಳಗಿದ್ದರೆ ಕ್ಯೂಆರ್ ಹಲಗೆಯನ್ನು ಹೊರಗಿಡಿ.

ರೊಟ್ಟಿಮನೆ, ಅಕ್ಟೋಬರ್ 2025

ದಸರೆಯ ಗದ್ದಲದಲ್ಲಿ ಬರೆಯಲು ತಡವಾಯಿತು.

ಚಲನ್ ವಿಷಯದಲ್ಲಿ ಹಿರಿಯರು ಹೇಳಿದ್ದೇ ನಿಜ. 2023ರ ಏಪ್ರಿಲ್ ದಿನಾಂಕ, ಮುದ್ರೆಯಲ್ಲಿ ಅವರು ಹೇಳಿದ ಮೂರು ಬ್ಯಾಂಕುಗಳಲ್ಲಿ ಒಂದರ ಹೆಸರು. ಮೂರು ವರ್ಷದ ಹಿಂದೆಯೇ ಬೋರ್ಡು ಇಳಿಸಿದ ಬ್ಯಾಂಕ್ ನಮ್ಮ ಹಣ ತೆಗೆದುಕೊಂಡಿದೆ! ಈಗಿನ ಬ್ಯಾಂಕಿನ ವ್ಯವಸ್ಥಾಪಕರು ಒಳ್ಳೆಯವರು, ಆ ದಿನ ಅಂಥ ಜಮೆ ಇಲ್ಲ, ಈ ಮುದ್ರೆ ಅಂದು ನಮ್ಮ ಬಳಕೆಯಲ್ಲಿ ಇರಲಿಲ್ಲ ಎಂದು ಬರೆದುಕೊಟ್ಟರು.

ಪಾವತಿಗಳ ವಿಷಯ ಇನ್ನೂ ಸ್ವಾರಸ್ಯ. ಮಾಹಿತಿ ಹಕ್ಕಿನ ಅರ್ಜಿಗೆ ಕೊನೆಗೂ ಉತ್ತರ ಬಂತು. ವಿತರಣಾ ವಹಿಯ ಪುಟ ಕೊಟ್ಟಿದ್ದಾರೆ, ನಮ್ಮ ಎರಡೂ ಸಂಖ್ಯೆಗಳಿರುವ ಪುಸ್ತಕಗಳನ್ನು ಅವನೇ ಸಹಿ ಮಾಡಿ ತೆಗೆದುಕೊಂಡಿದ್ದಾನೆ. ಕಚೇರಿ ಪ್ರತಿ ಕೇಳಿದ್ದಕ್ಕೆ "ಲಭ್ಯವಿರುವುದಿಲ್ಲ" ಎಂಬ ಒಂದು ಸಾಲು. ನಗದು ವಹಿಯ ಆ ದಿನದ ಪುಟದಲ್ಲಿ ನಮ್ಮ ಹೆಸರಿಲ್ಲ.

ಇದನ್ನು ಓಣಿಯಲ್ಲಿ ತೋರಿಸಿದೆ. ರೊಟ್ಟಿ ಬಡಿಯಲು ಬರುವ ಹೆಂಗಸರು ತಮ್ಮ ಮನೆಗಳಲ್ಲಿ ಹುಡುಕಿದರು. ಒಬ್ಬರ ಪಾವತಿ ಗೋಡೆಯ ಮೊಳೆಗೆ ಚುಚ್ಚಿದ ತಂತಿಯಲ್ಲಿ ಸಿಕ್ಕಿತು, ಇನ್ನೊಬ್ಬರದು ರೇಷನ್ ಕಾರ್ಡಿನ ಜೊತೆ. ಅದೇ ಪುಸ್ತಕ, ಮುಂದಿನ ಸಂಖ್ಯೆಗಳು. ಅವರಿಗೂ ಬಾಕಿ ತೋರಿಸುತ್ತಿದೆ, ಅವರಿಗೆ ಗೊತ್ತೇ ಇರಲಿಲ್ಲ. ಈಗ ಎಲ್ಲರೂ ಸೇರಿ ಲೋಕಾಯುಕ್ತಕ್ಕೂ ಜಿಲ್ಲಾಧಿಕಾರಿ ಕಚೇರಿಗೂ ದೂರು ಕೊಟ್ಟಿದ್ದೇವೆ. ಪ್ರಮಾಣಪತ್ರಕ್ಕೆ ಸಹಿ ಮಾಡುವಾಗ ನೋಟರಿ ಅವರು, "ಅಮ್ಮಾ, ಇದೆಲ್ಲ ನಿಮಗೆ ಏಕೆ ಬೇಕಿತ್ತು?" ಎಂದರು. ಅವರ ಶುಲ್ಕವನ್ನು ಮಾತ್ರ ಬೇಡ ಎನ್ನಲಿಲ್ಲ.

ಹಣವನ್ನು ಆಗಸ್ಟ್ ಕೊನೆಯಲ್ಲೇ ಆಕ್ಷೇಪಣೆಯ ಪತ್ರ ಕೊಟ್ಟು ಕಟ್ಟಿದ್ದೆ. ಟಪಾಲಿನವರು ಮುದ್ರೆ ಹಾಕಲು ಮೊದಲು ಒಪ್ಪಲಿಲ್ಲ, ಸ್ಪೀಡ್ ಪೋಸ್ಟ್ ಎಂದೊಡನೆ ಹಾಕಿದರು. ವಾರಸಾ ಆಯಿತು, ಇ-ಖಾತೆ ಬಂದಿದೆ, ಸಾಲದ ಕಡತ ಬ್ಯಾಂಕಿನಲ್ಲಿದೆ.

ಈಗ ಹೊಸ ಮಾತು ಶುರುವಾಗಿದೆ. ಕಂದಾಯ ವಿಭಾಗದವರೊಬ್ಬರು ಮನೆಗೇ ಬಂದು, ಪುಸ್ತಕದ ಎರಡು ವರ್ಷದ ಹಣವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಡುತ್ತೇವೆ, ದಂಡವನ್ನೂ ನೋಡೋಣ, ನೀವು ಮಾತ್ರ ದೂರಿನಿಂದ ಹೆಸರು ತೆಗೆಸಿ ಎಂದರು. ಚಹಾ ಕೊಟ್ಟೆ. ಉತ್ತರ ಕೊಡಲಿಲ್ಲ. ಗಂಡ ಹೂಂ ಎನ್ನು ಎನ್ನುತ್ತಾರೆ, ನಾದಿನಿ ಬೇಡ ಎನ್ನುತ್ತಾಳೆ. ನಾನು ಹೆಸರು ತೆಗೆದರೆ ಉಳಿದ ಮನೆಗಳಿಗೆ ಯಾರು ಹೊಂದಿಸಿಕೊಡುತ್ತಾರೆ?

ಸಪ್ತಾಪುರದ ವಕೀಲ

ಹಣ ಹೊಂದಿಸುವುದು ಅವರು ಮಾಡುವ ಉಪಕಾರವಲ್ಲ, ವಿತರಣಾ ವಹಿ ಸಿಕ್ಕ ಮೇಲೆ ಅದು ಅವರು ಮಾಡಲೇಬೇಕಾದ ಕೆಲಸ. ದೂರಿಗೂ ಅದಕ್ಕೂ ಸಂಬಂಧವಿಲ್ಲ. ಅವರು ಮನೆಗೆ ಬಂದ ದಿನಾಂಕ, ಆಡಿದ ಮಾತು ಬರೆದಿಟ್ಟುಕೊಳ್ಳಿ. ತನಿಖಾಧಿಕಾರಿ ಕರೆದಾಗ ಹೇಳಲು ಬೇಕಾಗುತ್ತದೆ.

ಹಳೇ ಲೆಕ್ಕಿಗ

ವಕೀಲರ ಮಾತು ಸರಿ. ಇನ್ನೊಂದು ಕೆಲಸ ಮಾಡು ತಂಗಿ. ನಿಮ್ಮ ಓಣಿಯವರ ಪಾವತಿಗಳನ್ನೆಲ್ಲ ಸಂಖ್ಯೆಯ ಕ್ರಮದಲ್ಲಿ ಒಂದು ಹಾಳೆಯಲ್ಲಿ ಬರೆ: ಸಂಖ್ಯೆ, ದಿನಾಂಕ, ಮೊತ್ತ. ನಡುವೆ ಯಾವ ಸಂಖ್ಯೆಗಳು ಸಿಕ್ಕಿಲ್ಲವೋ ಅವು ಪಕ್ಕದ ಓಣಿಯಲ್ಲಿರುತ್ತವೆ. ಒಂದು ಪುಸ್ತಕದಲ್ಲಿ ಸಾಮಾನ್ಯವಾಗಿ ನೂರು ಹಾಳೆ. ಆ ಪಟ್ಟಿಯ ನಕಲನ್ನು ವಿತರಣಾ ವಹಿಯ ಪುಟದ ಜೊತೆ ಸೇರಿಸಿ ಲೆಕ್ಕಪರಿಶೋಧನಾ ಇಲಾಖೆಯ ಜಿಲ್ಲಾ ಕಚೇರಿಗೆ ಕಳಿಸು. ಆ ವರ್ಷಗಳ ತಪಾಸಣೆ ಮಾಡಿ ಸಹಿ ಹಾಕಿದವರು ಯಾರು ಎಂದು ನನಗೂ ತಿಳಿಯಬೇಕಿದೆ. ನನ್ನ ಹಳೆಯ ಸಹೋದ್ಯೋಗಿಯೇ ಆಗಿದ್ದರೂ ಸರಿ.